ಸ್ಲೋ ಏರಿಸಿದ್ರಿಂದ ಗೇರ್ ಕೆಟ್ಟಂಗೆ ಕಾಣ್ಸಿದ ನಮ್ಮ ಚಿಕ್ಕಪ್ಪನ 1613 ಲಾರಿ

ಚಿಕ್ಕಪ್ಪ ಫೋನ್ ಮಾಡಿದ್ದು ಬುಧವಾರ ರಾತ್ರಿ ಹತ್ತರ ಮೇಲೆ. ಸಕಲೇಶಪುರದ ಈಚೆ ಎಲ್ಲೋ ರೋಡ್ ಪಕ್ಕ ಲಾರಿ ಹಾಕ್ಕೊಂಡು ನಿಂತಿದ್ರು. "ಲೋ ಮಗ, ಗೇರ್ ಬಾಕ್ಸ್ ಇಳಿಸ್ಬೇಕಂತೆ ಕಣ್ಲಾ. ಫಸ್ಟು ರಿವರ್ಸು ಎರಡೂ ಬೀಳ್ತಾ ಇಲ್ಲ, ಕರ್ ಅಂತದೆ. ಸಿಂಕ್ರೋ ರಿಂಗ್ ಹೋಗವೆ, ನಲವತ್ತು ಸಾವಿರದ ಮೇಲೇ ಆಯ್ತದೆ ಅಂದ್ರು ಗ್ಯಾರೇಜ್‌ನೋರು" ಅಂದ್ರು. ಸಿಂಕ್ರೋ ರಿಂಗ್ ಅಂದ್ರೆ ಗೇರ್ ಬೀಳೋಕೆ ಮುಂಚೆ ಎರಡೂ ಕಡೆ ಸ್ಪೀಡ್ ಸಮ ಮಾಡೋ ಬಳೆ. ದನಿ ಕೇಳಿದ್ರೇ ಗೊತ್ತಾಗ್ತಿತ್ತು, ಆ ದುಡ್ಡು ಎಲ್ಲಿಂದ ಹೊಂದಿಸೋದು ಅನ್ನೋ ಲೆಕ್ಕ ಆಗಲೇ ಶುರುವಾಗಿದೆ ಅಂತ.

ಅವರು ಗೇರ್ ಬಗ್ಗೆ ಹೇಳ್ತಾ ಇದ್ರೂ ನನ್ನ ಕಿವಿ ಇದ್ದಿದ್ದು ಹಿಂದೆ ಕೇಳ್ತಿದ್ದ ಎಂಜಿನ್ ಸದ್ದಿನ ಮೇಲೆ. ನಿಂತಿರೋ ಲಾರಿ ಅಷ್ಟು ಜೋರಾಗಿ ಓಡಲ್ಲ. ಟಾಟಾ ಆರು ಸಿಲಿಂಡರ್ ಗಾಡಿ ಸ್ಲೋನಲ್ಲಿ, ಅಂದ್ರೆ ಆಕ್ಸಿಲರೇಟರ್ ತುಳಿಯದೆ ಎಂಜಿನ್ ತಾನಾಗೇ ಓಡೋ ಸ್ಪೀಡಲ್ಲಿ, ನಿಂತಾಗ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳ್ಬೇಕು, ಇದು ಒಂದೇ ಸಮ ಗುಯ್ ಅಂತಿತ್ತು. "ಚಿಕ್ಕಪ್ಪ, ಸ್ಲೋ ಯಾಕೆ ಅಷ್ಟು ಏರ್ಸಿದೀರಾ?" ಅಂದೆ. "ಏರ್ಸದಿದ್ರೆ ಆಫ್ ಆಗೋಯ್ತದೆ ಕಣ್ಲಾ, ಹೋದ ತಿಂಗಳು ಒಂದ್ ಕಡೆ ತೋರಿಸ್ದಾಗ ಅವ್ರೇ ಏರ್ಸಿ ಕೊಟ್ರು" ಅಂದ್ರು. ಗೇರ್ ಕಷ್ಟ ಯಾವಾಗಿಂದ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಅದೂ ಒಂದ್ ತಿಂಗಳಿಂದಾನೇ" ಅಂದ್ರು.

ನಂಗೆ ಅಲ್ಲೇ ಅರ್ಧ ಗೊತ್ತಾಯ್ತು. ಗೇರ್ ಬಾಕ್ಸ್ ಮುಟ್ಟೋಕೆ ಬಿಡ್ಬೇಡಿ, ನಿಧಾನಕ್ಕೆ ಊರಿಗೆ ಬನ್ನಿ, ಶನಿವಾರ ನಾನು ಬರ್ತೀನಿ, ಶುಕ್ರವಾರ ರಾತ್ರಿ ನಿಲ್ಸಿದ್ಮೇಲೆ ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ ಫೋನ್ ಇಟ್ಟೆ.

ಗಾಡಿ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ. 2001ರ ಟಾಟಾ ಎಸ್‌ಇ 1613, ಮುಂದೆ ಮೂತಿ ಇರೋ ಮಾಡೆಲ್ಲು, ಬಾನೆಟ್ ಎತ್ತಿದ್ರೆ ಎಂಜಿನ್ ಕೈಗೆ ಸಿಗುತ್ತೆ. ಈ ನಂಬರ್‌ಗಳಿಗೂ ಅರ್ಥ ಇದೆ, 16 ಅಂದ್ರೆ ಲೋಡ್ ಸೇರಿ ಸುಮಾರು 16 ಟನ್, 13 ಅಂದ್ರೆ 130 ಹಾರ್ಸ್‌ಪವರ್ ಆಸುಪಾಸು. ಎಂಜಿನ್ ಹೆಸರು 697, ಅಂದ್ರೆ 6 ಸಿಲಿಂಡರ್, 97 ಮಿಲಿಮೀಟರ್ ಬೋರು. ಒಟ್ಟು 5675 ಸಿಸಿ. ನಮ್ಮೂರಲ್ಲಿ ವಯಸ್ಸಾದೋರು ಈಗ್ಲೂ ಟಾಟಾ ಲಾರೀನ ಬೆಂಜ್ ಗಾಡಿ ಅಂತಾರೆ, 1954ರಲ್ಲಿ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿದ್ರಲ್ಲ, ಆ ಕಾಲದ ಹೆಸರು ಬಾಯಲ್ಲಿ ಉಳ್ಕೊಂಡಿದೆ. ಕಂಪ್ಯೂಟರು ಸೆನ್ಸರು ಏನೂ ಇಲ್ಲ. ಪಕ್ಕದಲ್ಲಿ ಇನ್‌ಲೈನ್ ಪಂಪು, ಅದು ಸಿಲಿಂಡರ್‌ಗಳಿಗೆ ಡೀಸೆಲ್ ಒತ್ತಿ ಕೊಡೋದು, ಅದರ ಹಿಂದೆ ಎಂಜಿನ್ ಸ್ಪೀಡ್ ಹಿಡಿದಿಡೋ ಗವರ್ನರು, ಅಷ್ಟೇ. ಆ ಪಂಪ್‌ನ ನಮ್ಮ ಕಡೆ ಎಲ್ರೂ ಮೈಕೋ ಪಂಪ್ ಅಂತಾನೇ ಕರೆಯೋದು. ಬೆಂಗಳೂರು ಆಡುಗೋಡಿಯ ಮೈಕೋ, 1951ರಲ್ಲಿ ಶುರುವಾಗಿದ್ದು, 2008ರಲ್ಲಿ ಕಂಪನಿ ಹೆಸರು ಬಾಷ್ ಅಂತ ಆಯ್ತು, ಆದ್ರೂ ಯಾವ ಮೆಕ್ಯಾನಿಕ್ಕೂ ಬಾಷ್ ಪಂಪ್ ಅಂದಿದ್ದು ನಾನು ಕೇಳಿಲ್ಲ.

ಚಿಕ್ಕಪ್ಪ ಇದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಿಪಟೂರಿಂದ ತೆಂಗಿನಕಾಯಿ ಹೇರ್ಕೊಂಡು ಅರಸೀಕೆರೆ ಹಾಸನ ಶಿರಾಡಿ ಘಾಟ್ ಮೇಲೆ ಮಂಗಳೂರು, ವಾಪಸ್ ಪಣಂಬೂರಿಂದ ಗೊಬ್ಬರ. ಇದೇ ಗಾಡಿ ದುಡಿಮೇಲಿ ಇಬ್ಬರು ತಂಗಿಯರ ಓದು ಆಗಿದೆ. ಅದಕ್ಕೇ ಯಾರಾದ್ರೂ ಸುಮ್ನೆ ಸುಮ್ನೆ ಗೇರ್ ಬಾಕ್ಸ್ ಇಳಿಸಿ ಅಂದ್ರೆ ನಂಗೆ ಸಿಟ್ಟು ಬರೋದು.

ಶನಿವಾರ ಬೆಳಿಗ್ಗೆ ಆರೂವರೆಗೆ ಮನೆ ಮುಂದೆ ನಿಂತಿದ್ದ ಗಾಡಿ ಹತ್ರ ಹೋದೆ. ನಾನು ತಣ್ಣಗಿರೋ ಗಾಡೀನೇ ನೋಡ್ಬೇಕು ಅಂತ ಹಟ ಮಾಡಿದ್ದು ಯಾಕೆ ಅಂದ್ರೆ, ರಾತ್ರಿಯೆಲ್ಲಾ ನಿಂತ ಡೀಸೆಲ್ ಎಂಜಿನ್ ಬೆಳಿಗ್ಗೆ ಮೊದಲ ಒಂದು ನಿಮಿಷದಲ್ಲಿ ಹೇಳೋದನ್ನ ಆಮೇಲೆ ದಿನವೆಲ್ಲಾ ಓಡಿಸಿದ್ರೂ ಹೇಳಲ್ಲ. ಚಿಕ್ಕಪ್ಪ ಸೆಲ್ಫ್ ಹೊಡೆದ್ರು, ತಕ್ಷಣ ಸ್ಟಾರ್ಟ್ ಆಯ್ತು, ಹತ್ತು ಹದಿನೈದು ಸೆಕೆಂಡ್ ಚೆನ್ನಾಗೇ ಓಡ್ತು, ಆಮೇಲೆ ಉಸಿರು ಕಟ್ಟಿದಂಗೆ ವೂಂ... ವೂಂ... ಅಂತ ಏರಿ ಇಳಿದು ಆಫ್ ಆಯ್ತು. ಟ್ಯಾಂಕಿಂದ ಡೀಸೆಲ್ ಎಳೆಯೋ ಫೀಡ್ ಪಂಪ್ ಮೇಲಿನ ಹ್ಯಾಂಡ್ ಪ್ರೈಮರ್, ಅಂದ್ರೆ ಕೈಯಲ್ಲಿ ಡೀಸೆಲ್ ಎಳೆಯೋ ಗುಂಡಿ, ಒತ್ತಿದ್ರೆ ಇಪ್ಪತ್ತು ಸಲ ಖಾಲಿ ಖಾಲಿ ಹೋಯ್ತು, ಆಮೇಲೆ ಗಟ್ಟಿ ಆಯ್ತು. ಮತ್ತೆ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗಿ ನಿಲ್ತು, ಆದ್ರೆ ಸ್ಲೋ ಮಾತ್ರ ಏರೋದು ಇಳಿಯೋದು ಮಾಡ್ತಾನೇ ಇತ್ತು.

ಇದನ್ನ ಬಿಡಿಸಿ ನೋಡಿ. ತಕ್ಷಣ ಸ್ಟಾರ್ಟ್ ಆಯ್ತು ಅಂದ್ರೆ ಕಂಪ್ರೆಶನ್ ಇದೆ, ಬ್ಯಾಟರಿ ಸರಿ ಇದೆ, ಪಂಪ್ ಒಳಗೆ ಡೀಸೆಲ್ ಇತ್ತು. ಹತ್ತು ಸೆಕೆಂಡ್ ಆದ್ಮೇಲೆ ನಿಂತು ಹೋಯ್ತು ಅಂದ್ರೆ ಪಂಪು ಫಿಲ್ಟರಲ್ಲಿ ಉಳಿದಿದ್ದು ಖಾಲಿಯಾಗಿ ಹಿಂದಿಂದ ಬರ್ಬೇಕಾಗಿದ್ದು ಬರ್ಲಿಲ್ಲ. ಹ್ಯಾಂಡ್ ಪ್ರೈಮರ್ ಖಾಲಿ ಹೋಯ್ತು ಅಂದ್ರೆ ಟ್ಯಾಂಕಿಂದ ಬರೋ ಪೈಪಲ್ಲಿ ಡೀಸೆಲ್ ಇಲ್ಲ, ರಾತ್ರಿ ವಾಪಸ್ ಟ್ಯಾಂಕಿಗೆ ಇಳಿದು ಹೋಗಿದೆ, ಇಳೀಬೇಕು ಅಂದ್ರೆ ಎಲ್ಲಿಂದಾದ್ರೂ ಗಾಳಿ ಒಳಗೆ ಹೋಗ್ಲೇಬೇಕು. "ಟ್ಯಾಂಕ್ ಫುಲ್ ಇದ್ದಾಗ ಹಿಂಗೆ ಮಾಡುತ್ತಾ?" ಅಂತ ಚಿಕ್ಕಪ್ಪನ್ನ ಕೇಳ್ದೆ. "ಫುಲ್ ಇದ್ರೆ ಅಷ್ಟಿಲ್ಲ ಕಣ್ಲಾ, ಅರ್ಧಕ್ಕಿಂತ ಕೆಳಗೆ ಬಂದ್ರೇನೇ ಆಟ ಶುರು" ಅಂದ್ರು. ಇದು ಬಂಗಾರದಂತ ಮಾತು. ಟ್ಯಾಂಕ್ ಕೆಳಗಿದೆ, ಪಂಪ್ ಮೇಲಿದೆ, ಡೀಸೆಲ್ ಮಟ್ಟ ಇಳಿದಷ್ಟೂ ಫೀಡ್ ಪಂಪ್ ಇನ್ನೂ ಜೋರಾಗಿ ಎಳೀಬೇಕು, ಜೋರಾಗಿ ಎಳೆದಷ್ಟೂ ಸಣ್ಣ ಸಂದಿಯಿಂದ ಗಾಳಿ ನುಗ್ಗುತ್ತೆ. ಓಡ್ಸೋರಿಗೆ ಗಾಡಿ ಬಗ್ಗೆ ಗೊತ್ತಿರುತ್ತೆ, ಕೇಳೋರು ಸರಿಯಾಗಿ ಕೇಳ್ಬೇಕು ಅಷ್ಟೇ, ಆ ಗ್ಯಾರೇಜಲ್ಲಿ ಅವರನ್ನ ಯಾರೂ ಇದನ್ನ ಕೇಳೇ ಇರ್ಲಿಲ್ಲ.

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊಂದಲ ಆಗುತ್ತೆ. "ಎಲ್ಲೂ ಡೀಸೆಲ್ ಸೋರ್ತಾ ಇಲ್ವಲ್ಲಪ್ಪ, ಲೀಕ್ ಹೆಂಗಿರುತ್ತೆ" ಅಂತಾರೆ. ಫೀಡ್ ಪಂಪಿಂದ ಮುಂದಕ್ಕೆ ಪ್ರೆಶರ್ ಇರುತ್ತೆ, ಅಲ್ಲಿ ಲೀಕ್ ಇದ್ರೆ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತೆ, ಕಣ್ಣಿಗೆ ಕಾಣುತ್ತೆ. ಫೀಡ್ ಪಂಪಿಂದ ಹಿಂದಕ್ಕೆ, ಟ್ಯಾಂಕ್ ಕಡೆಗೆ, ಇರೋದು ಎಳೆತ. ಅಲ್ಲಿ ಸಂದಿ ಇದ್ರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಒಣಗಿರೋ ಪೈಪೇ ಕಳ್ಳ ಆಗಿರ್ಬಹುದು. ಒರೆಸಿ ನೋಡಿದ್ರೂ ಸಿಗಲ್ಲ, ಬೇರೆ ಉಪಾಯ ಬೇಕು.

ಮೊದಲು ಸುಲಭದ್ದು ನೋಡ್ದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದ್ರೂ ಗಾಡಿ ನಿಲ್ಲುತ್ತೆ, ಆಗ ಮುಚ್ಚಳ ತೆಗೆದ್ರೆ ಉಸ್ ಅಂತ ಗಾಳಿ ಒಳಗೆ ಎಳ್ಕೊಳ್ಳುತ್ತೆ, ನಮ್ಮದರಲ್ಲಿ ಹಂಗೇನೂ ಆಗ್ಲಿಲ್ಲ. ಫೆಲ್ಟ್ ಫಿಲ್ಟರ್, ಪೇಪರ್ ಫಿಲ್ಟರ್ ಎರಡೂ ಎರಡು ತಿಂಗಳ ಹಿಂದೆ ಹಾಕಿದ್ದು. ಫೀಡ್ ಪಂಪ್ ಕೆಳಗಿನ ಬಟ್ಟಲು ಬಿಚ್ಚಿ ಜಾಲರಿ ತೊಳೆದೆ, ಸ್ವಲ್ಪ ಕೆಸರು ಇತ್ತು, ರಬ್ಬರ್ ವಾಷರ್ ಚಪ್ಪಟೆಯಾಗಿತ್ತು, ಬದಲಾಯಿಸ್ದೆ. ಫಿಲ್ಟರ್ ತಲೆ ಮೇಲಿನ, ಒಳಗಿಂದಾನೇ ಡೀಸೆಲ್ ಹರಿಯೋ ಬ್ಯಾಂಜೋ ಬೋಲ್ಟ್‌ಗಳ ತಾಮ್ರದ ವಾಷರ್‌ನ ಪ್ರತೀ ಸಲ ಬಿಚ್ಚಿದಾಗ್ಲೂ ಅದನ್ನೇ ಮತ್ತೆ ಹಾಕಿ ಹಾಕಿ ಗಟ್ಟಿ ಆಗೋಗಿದ್ವು. ತಾಮ್ರ ಒತ್ತಿದಷ್ಟೂ ಗಟ್ಟಿಯಾಗುತ್ತೆ, ಹೊಸದು ಸಿಗದಿದ್ರೆ ಕೆಂಪಗೆ ಕಾಯಿಸಿ ಆರಿಸಿದ್ರೆ ಮತ್ತೆ ಮೆತ್ತಗಾಗುತ್ತೆ, ಅಂಗಡೀಲಿ ಇತ್ತು, ಹೊಸದೇ ಹಾಕ್ದೆ. ಇದೆಲ್ಲಾ ಮಾಡಿ ಏರ್ ತೆಗೆದು ಸ್ಟಾರ್ಟ್ ಮಾಡಿದ್ರೆ, ಮತ್ತೆ ಅದೇ ವೂಂ ವೂಂ. ಮಧ್ಯಾಹ್ನ ಆಗಿತ್ತು. ಚಿಕ್ಕಮ್ಮ ಮುದ್ದೆಗೆ ಎಸರಿಟ್ಟಿದೀನಿ ಬನ್ನಿ ಅಂತ ಕರೀತಾ ಇದ್ರು.

ಊಟ ಆದ್ಮೇಲೆ ಅಂದಾಜು ಬಿಟ್ಟು ಪರೀಕ್ಷೆ ಮಾಡ್ಬೇಕು ಅಂತ ಕೂತೆ. ಒಂದೂವರೆ ಅಡಿ ಪಾರದರ್ಶಕ ಪ್ಲಾಸ್ಟಿಕ್ ಹೋಸ್ ತಂದಿದ್ದೆ, ಅದನ್ನ ಪೇಪರ್ ಫಿಲ್ಟರಿಂದ ಪಂಪಿಗೆ ಹೋಗೋ ಪೈಪಿನ ಜಾಗಕ್ಕೆ ಕ್ಲಿಪ್ ಹಾಕಿ ಕೂರ್ಸಿದ್ದಾಯ್ತು. ಸ್ಟಾರ್ಟ್ ಮಾಡಿದ್ರೆ ಎಲ್ಲಾ ಕಣ್ಣೆದುರಿಗೇ ಇದೆ, ಡೀಸೆಲ್ ಜೊತೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೋಗ್ತಾ ಇದಾವೆ, ಆಗಾಗ ಕಡಲೆಕಾಳಿನಷ್ಟು ದೊಡ್ಡದು ಒಂದು ಬರುತ್ತೆ, ಅದು ಪಂಪ್ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಎಂಜಿನ್ ಒಂದ್ಸಲ ಕುಗ್ಗುತ್ತೆ. ಚಿಕ್ಕಪ್ಪನ್ನ ಕರೆದು ತೋರಿಸ್ದೆ. ಇಪ್ಪತ್ತೈದು ವರ್ಷ ಲಾರಿ ಓಡ್ಸಿದೋರು, ಡೀಸೆಲ್ ಒಳಗೆ ಗಾಳಿ ಹೋಗೋದನ್ನ ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಸುಮಾರು ಹೊತ್ತು ಬಗ್ಗಿ ನೋಡ್ತಾನೇ ಇದ್ರು.

ಗಾಳಿ ಇದೆ ಅಂತ ಖಾತ್ರಿ ಆಯ್ತು, ಇನ್ನು ಎಲ್ಲಿಂದ ಅಂತ. ಐದು ಲೀಟರ್ ಕ್ಯಾನಲ್ಲಿ ಒಳ್ಳೆ ಡೀಸೆಲ್ ತುಂಬಿ ಬಾನೆಟ್ ಪಕ್ಕ ಎತ್ತರದಲ್ಲಿ ಇಟ್ಟು, ಟ್ಯಾಂಕಿಂದ ಬರೋ ಪೈಪ್ ಬಿಚ್ಚಿ, ಕ್ಯಾನಿಂದಾನೇ ಫೀಡ್ ಪಂಪಿಗೆ ಬೇರೆ ಹೋಸಲ್ಲಿ ಕೊಟ್ಟೆ. ಐದೇ ನಿಮಿಷ, ಗುಳ್ಳೆ ಪೂರ್ತಿ ನಿಂತೋಯ್ತು. ಎಂಜಿನ್ ಸದ್ದು ನೆಟ್ಟಗಾಯ್ತು. ಅಂದ್ರೆ ಫೀಡ್ ಪಂಪ್, ಎರಡೂ ಫಿಲ್ಟರ್, ಮೈನ್ ಪಂಪ್, ಗವರ್ನರ್ ಎಲ್ಲಾ ನಿರಪರಾಧಿಗಳು, ಕಳ್ಳ ಟ್ಯಾಂಕಿಗೂ ಫೀಡ್ ಪಂಪಿಗೂ ಮಧ್ಯೆ ಇದಾನೆ. ಈ ಒಂದು ಪರೀಕ್ಷೆ ಮಾಡದೆ ಎಷ್ಟೋ ಜನ ಮೈನ್ ಪಂಪ್ ಇಳಿಸಿ ಕ್ಯಾಲಿಬ್ರೇಶನ್‌ಗೆ ಕಳಿಸ್ತಾರೆ, ಪಂಪ್ ಅಂಗಡಿಯವರು ಪಾಪ ಸರಿ ಇರೋದನ್ನೇ ಸರಿ ಮಾಡಿ ಕೊಡ್ತಾರೆ, ಗಾಡಿಗೆ ಹಾಕಿದ್ರೆ ಮತ್ತೆ ಅದೇ ಕತೆ.

ಸಿಕ್ಕಿದ್ದು ಚಾಸಿ ಮೇಲಿನ ಕಬ್ಬಿಣದ ಪೈಪ್ ಮುಗಿದು ಎಂಜಿನ್ ಕಡೆ ಬರೋ ಜಾಗದಲ್ಲಿರೋ ರಬ್ಬರ್ ಹೋಸಲ್ಲಿ. ಚಾಸಿ ಅಲ್ಲಾಡಲ್ಲ, ಎಂಜಿನ್ ಅಲ್ಲಾಡುತ್ತೆ, ಮಧ್ಯದಲ್ಲಿ ಈ ಹೋಸ್ ವರ್ಷಗಟ್ಟಲೆ ಬಾಗಿ ಬಾಗಿ ಕ್ಲಿಪ್ ಅಡಿಗೇ ಸೀಳಿತ್ತು. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ, ಕ್ಲಿಪ್ ಬಿಚ್ಚಿ ಬಗ್ಗಿಸಿದಾಗ್ಲೇ ಉಗುರು ಹೋಗೋ ಅಷ್ಟು ಬಿರುಕು ಬಾಯಿ ಬಿಡ್ತು. ಡೀಸೆಲ್‌ಗೆ ಅಂತಾನೇ ಬರೋ ಹೋಸ್ ಹಾಕ್ದೆ, ನೀರಿನ ಹೋಸ್ ಹಾಕಿದ್ರೆ ಡೀಸೆಲ್‌ಗೆ ಉಬ್ಬಿ ಮೆತ್ತಗಾಗಿ ಬೇಗ ಹಾಳಾಗುತ್ತೆ, ದಯವಿಟ್ಟು ಅದನ್ನ ಮಾಡ್ಬೇಡಿ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ ನೊರೆ ನಿಂತು ಬರೀ ಡೀಸೆಲ್ ಬರೋವರೆಗೂ ಹ್ಯಾಂಡ್ ಪ್ರೈಮರ್ ಹೊಡೆದು, ಆಮೇಲೆ ಪಂಪ್ ಹತ್ರಾನೂ ಹಂಗೇ ಮಾಡಿ, ಟ್ಯಾಂಕಿಂದಾನೇ ಓಡ್ಸಿದ್ರೆ ಪಾರದರ್ಶಕ ಹೋಸಲ್ಲಿ ಒಂದು ಗುಳ್ಳೇನೂ ಇಲ್ಲ. ಆ ಪ್ಲಾಸ್ಟಿಕ್ ಹೋಸ್ ಪರೀಕ್ಷೆಗೆ ಮಾತ್ರ, ಬಿಸಿಗೆ ತಡೆಯಲ್ಲ, ಕೆಲಸ ಮುಗಿದ ತಕ್ಷಣ ತೆಗೆದು ಒರಿಜಿನಲ್ ಪೈಪ್ ಹಾಕಿಬಿಟ್ಟೆ.

ಇಷ್ಟು ಗಾಳಿಗೆ ಸ್ಲೋ ಯಾಕೆ ಏರಿ ಇಳಿದು ಮಾಡುತ್ತೆ ಅಂತ ತಂಗಿ ಕೇಳಿದ್ಲು, ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಗವರ್ನರ್ ಒಳಗೆ ತಿರುಗೋ ತೂಕಗಳಿವೆ. ಎಂಜಿನ್ ಸ್ಪೀಡ್ ಇಳಿದ್ರೆ ಅವು ಒಳಕ್ಕೆ ಬಂದು, ಡೀಸೆಲ್ ಹೆಚ್ಚುಕಮ್ಮಿ ಮಾಡೋ ಸರಳು, ಅಂದ್ರೆ ರ‍್ಯಾಕ್‌ನ ಜಾಸ್ತಿ ಡೀಸೆಲ್ ಕಡೆ ತಳ್ಳುತ್ತೆ, ಏರಿದ್ರೆ ಹೊರಕ್ಕೆ ಹೋಗಿ ಕಮ್ಮಿ ಮಾಡುತ್ತೆ. ಈಗ ಒಂದು ಗುಳ್ಳೆ ಪಂಪ್ ಒಳಗೆ ಡೀಸೆಲ್ ಒತ್ತೋ ಪ್ಲಂಜರ್ ಹತ್ರ ಬಂತು ಅನ್ಕೊಳ್ಳಿ. ಡೀಸೆಲ್ ಒತ್ತಿದ್ರೆ ಕುಗ್ಗಲ್ಲ ಅನ್ನೋ ಅಷ್ಟು ಗಟ್ಟಿ, ಗಾಳಿ ಕುಗ್ಗುತ್ತೆ, ಹಾಗಾಗಿ ಆ ಏಟಿಗೆ ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸೋ ನಾಝಲ್ ಸರಿಯಾಗಿ ಬಿಚ್ಚಲ್ಲ. ಸ್ಪೀಡ್ ಬಿತ್ತು. ಗವರ್ನರ್ ಗಾಬರಿಯಾದಂಗೆ ಜಾಸ್ತಿ ಕೊಡ್ತು, ಅಷ್ಟೊತ್ತಿಗೆ ಗುಳ್ಳೆ ಹೋಗಿ ಶುದ್ಧ ಡೀಸೆಲ್ ಬಂತು, ಸ್ಪೀಡ್ ಜಾಸ್ತಿ ಏರ್ತು, ಗವರ್ನರ್ ಮತ್ತೆ ಕಮ್ಮಿ ಮಾಡ್ತು, ಅಷ್ಟೊತ್ತಿಗೆ ಇನ್ನೊಂದು ಗುಳ್ಳೆ. ಗವರ್ನರ್ ತನ್ನ ಕೆಲಸ ಸರಿಯಾಗೇ ಮಾಡ್ತಾ ಇದೆ, ಅದಕ್ಕೆ ಸಿಗ್ತಾ ಇರೋ ಡೀಸೆಲ್ ಸರಿ ಇಲ್ಲ. ಸ್ಲೋನಲ್ಲಿ ಒಂದೊಂದು ಏಟಿಗೆ ಹೋಗೋ ಡೀಸೆಲ್ ಬಹಳ ಕಮ್ಮಿ, ಅದಕ್ಕೇ ಅಷ್ಟು ಚಿಕ್ಕ ಗುಳ್ಳೆಗೂ ಅಲ್ಲಾಡೋದು, ರೋಡಲ್ಲಿ ಲೋಡ್ ಎಳೀವಾಗ ಗೊತ್ತೇ ಆಗಲ್ಲ.

ಸ್ಲೋ ಸ್ಕ್ರೂ ಏರಿಸಿದ್ರೆ ಗಾಡಿ ನಿಲ್ಲದೆ ಓಡುತ್ತೆ, ಅದು ನಿಜ. ಎಂಜಿನ್ ಹಿಂದಿನ ಭಾರದ ಚಕ್ರ, ಅಂದ್ರೆ ಫ್ಲೈವೀಲ್‌ನಲ್ಲಿ ಓಟ ಜಾಸ್ತಿ ಇರುತ್ತೆ, ಒಂದೆರಡು ಏಟು ತಪ್ಪಿದ್ರೂ ದಾಟ್ಕೊಂಡು ಹೋಗುತ್ತೆ. ಕಾಯಿಲೆ ಮಾತ್ರ ಒಳಗೆ ಹಂಗೇ ಇರುತ್ತೆ, ಕಾಣಲ್ಲ ಅಷ್ಟೇ. ನಮ್ಮ ಗಾಡೀಲಿ ಆರ್‌ಪಿಎಂ ಮೀಟರ್ ಓಡಲ್ಲ, ಅದಕ್ಕೆ ಲೇಸರ್ ಟ್ಯಾಕೋಮೀಟರ್ ತಂದಿದ್ದೆ, ಮುಂದಿನ ಪುಲ್ಲಿಗೆ ಹೊಳೆಯೋ ಟೇಪ್ ಒಂದು ತುಂಡು ಅಂಟಿಸಿ ಬೆಳಕು ಬಿಟ್ಟರೆ ನಂಬರ್ ಬರುತ್ತೆ. (ಫ್ಯಾನ್ ಹತ್ರ ಕೆಲಸ ಇದು, ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಬಗ್ಗಬೇಡಿ, ಚಿಕ್ಕಪ್ಪಂದು ಎರಡು ಸಲ ಕಿತ್ತು ಪಕ್ಕಕ್ಕಿಟ್ಟೆ.) ಬಂದ ನಂಬರ್ 870. ಇರ್ಬೇಕಾಗಿದ್ದು 600ರ ಆಸುಪಾಸು. ಲಾಕ್ ನಟ್ ಸಡಿಲ ಮಾಡಿ ಸ್ಲೋ ಸ್ಕ್ರೂ ನಿಧಾನಕ್ಕೆ ವಾಪಸ್ ತಿರುಗಿಸಿ 610ಕ್ಕೆ ತಂದೆ. ಪಂಪ್ ಮೇಲೆ ಇನ್ನೊಂದು ಸ್ಕ್ರೂ ಇರುತ್ತೆ, ಜಾಸ್ತಿ ಸ್ಪೀಡ್ ಎಷ್ಟರವರೆಗೆ ಅನ್ನೋದನ್ನ ಕಟ್ಟಿಹಾಕೋದು, ಅದಕ್ಕೆ ಸಾಮಾನ್ಯವಾಗಿ ಸೀಲ್ ಹಾಕಿರ್ತಾರೆ, ಅದನ್ನ ಯಾವ ಕಾರಣಕ್ಕೂ ಮುಟ್ಟಬಾರ್ದು.

610ರಲ್ಲಿ ನಿಂತ ಮೇಲೆ ಇನ್ನೊಂದು ಸಣ್ಣ ಕುಂಟು ಕೇಳಿಸ್ತು, ಇಷ್ಟು ದಿನ ಜೋರು ಸದ್ದಿನ ಅಡಿ ಅಡಗಿತ್ತು. ಒಂದೊಂದೇ ನಾಝಲ್ ಪೈಪಿನ ನಟ್ ಪಂಪ್ ಕಡೆ ಬಟ್ಟೆ ಮುಚ್ಚಿ ಅರ್ಧ ಸುತ್ತು ಸಡಿಲ ಮಾಡಿ ಕೇಳ್ತಾ ಬಂದೆ, ಸಡಿಲ ಮಾಡಿದಾಗ ಎಂಜಿನ್ ಕುಂಟಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಾ ಇದೆ ಅಂತ, ಸದ್ದು ಬದಲಾಗದಿದ್ರೆ ಅದೇ ಸೋಮಾರಿ. ನಾಲ್ಕನೇದು ಹೆಚ್ಚುಕಮ್ಮಿ ಬದಲಾಗ್ಲಿಲ್ಲ. ಆ ಪ್ರೆಶರ್ ಡೀಸೆಲ್ ಸಣ್ಣ ಸಂದಿಯಿಂದ ಚಿಮ್ಮಿದ್ರೆ ಚರ್ಮ ಹರಿದು ಒಳಗೆ ಹೋಗುತ್ತೆ, ಬೆರಳಿಟ್ಟು ನೋಡೋ ಅಭ್ಯಾಸ ಇರೋರು ದಯವಿಟ್ಟು ಬಿಡಿ, ಆಸ್ಪತ್ರೆಗೆ ಓಡೋ ಪರಿಸ್ಥಿತಿ ಬರುತ್ತೆ. ನಾಲ್ಕನೇ ನಾಝಲ್ ತೆಗೆದು ಪಂಪ್ ಅಂಗಡಿಗೆ ಕೊಟ್ರೆ ಟೆಸ್ಟರಲ್ಲಿ ಹಾಕಿ ತೋರಿಸಿದ್ರು, ಮಂಜಿನ ಥರ ಸಿಂಪಡಿಸೋದು ಬಿಟ್ಟು ತೊಟ್ಟಿಕ್ಕುತಾ ಇತ್ತು. ಹೊಸ ನಾಝಲ್, ಅಡಿಗೆ ಹೊಸ ತಾಮ್ರದ ವಾಷರ್. ಶನಿವಾರ ಅಷ್ಟಕ್ಕೇ ಕತ್ತಲಾಯ್ತು.

ಭಾನುವಾರ ಗೇರ್.

ಒಂದು ಮಾತು ಮೊದಲೇ ಹೇಳ್ತೀನಿ, ಗೇರ್ ಕರ್ ಅನ್ನೋದು ಎಲ್ಲಿ ಯಾವಾಗ ಅಂತ ಕೇಳದೆ ಸಿಂಕ್ರೋ ಹೋಗಿದೆ ಅನ್ನೋದು ತಪ್ಪು. ಚಿಕ್ಕಪ್ಪನ್ನ ಕೂರ್ಸಿ ಕೇಳ್ದೆ, ಓಡ್ತಾ ಇರುವಾಗ ಸೆಕೆಂಡಿಂದ ಥರ್ಡ್, ಥರ್ಡಿಂದ ಫೋರ್ತ್ ಹೆಂಗೆ ಬೀಳ್ತದೆ? "ಅದೇನೂ ತೊಂದ್ರೆ ಇಲ್ಲ, ಬೀಳ್ತವೆ." ಘಾಟಲ್ಲಿ ಫೋರ್ತಿಂದ ಥರ್ಡಿಗೆ ಇಳಿಸುವಾಗ? "ಅದೂ ಬೀಳ್ತದೆ." ಮತ್ತೆ ಕಷ್ಟ ಎಲ್ಲಿ? "ನಿಂತಾಗ ಕಣ್ಲಾ. ಮಾರನಹಳ್ಳಿ ಹತ್ರ ಜಾಮಲ್ಲಿ ನಿಂತು ನಿಂತು ಹೋಗ್ವಾಗ ಫಸ್ಟ್ ಹಾಕಕ್ಕೇ ಆಗಲ್ಲ. ರಿವರ್ಸ್ ಅಂತೂ ಎಂಜಿನ್ ಆಫ್ ಮಾಡೇ ಹಾಕೋದು."

ಸಿಂಕ್ರೋ ಸವೆದಿದ್ರೆ ಗಾಡಿ ಓಡುವಾಗ ಯಾವುದೋ ಒಂದು ಗೇರ್ ಕರ್ ಅನ್ನುತ್ತೆ, ಡಬಲ್ ಕ್ಲಚ್ ಹೊಡೆದು, ಅಂದ್ರೆ ಮಧ್ಯೆ ನ್ಯೂಟ್ರಲ್‌ನಲ್ಲಿ ಕ್ಲಚ್ ಒಂದ್ಸಲ ಬಿಟ್ಟು ಮತ್ತೆ ಒತ್ತಿ, ಹಾಕಿದ್ರೆ ಸುಮ್ನಾಗುತ್ತೆ. ನಿಂತಾಗ ಮಾತ್ರ ಫಸ್ಟೂ ರಿವರ್ಸೂ ಎರಡೂ ಕಷ್ಟ, ಓಡುವಾಗ ಎಲ್ಲಾ ಸರಿ ಅಂದ್ರೆ ಅದು ಒತ್ತಿದ್ರೂ ಕ್ಲಚ್ ಎಂಜಿನ್‌ನ ಗೇರ್ ಬಾಕ್ಸಿಂದ ಪೂರ್ತಿ ಬಿಡಿಸ್ತಾ ಇಲ್ಲ ಅಂತ. ಎಂಜಿನ್ ಆಫ್ ಇದ್ದಾಗ ಐದೂ ಗೇರು, ರಿವರ್ಸು ಹಾಕಿ ನೋಡ್ದೆ, ಕಟಕ್ ಕಟಕ್ ಅಂತ ಬಿದ್ವು, ಅಂದ್ರೆ ಲಿವರ್, ಬುಷ್, ಒಳಗಿನ ಫೋರ್ಕ್ ಎಲ್ಲಾ ಸರಿ. ತಿರುಗ್ತಾ ಇರೋದೇ ತೊಂದರೆ.

ಗಾಡಿ ನಿಂತಾಗ ಗೇರ್ ಬಾಕ್ಸ್ ಹಿಂದಿನ ಶಾಫ್ಟ್ ನಿಂತಿರುತ್ತೆ. ಫಸ್ಟ್ ಬೀಳ್ಬೇಕು ಅಂದ್ರೆ ಕ್ಲಚ್ ಒತ್ತಿದ್ಮೇಲೆ ಮುಂದಿನ ಶಾಫ್ಟೂ ನಿಲ್ಬೇಕು. ಕ್ಲಚ್ ಪ್ಲೇಟು, ಆ ಶಾಫ್ಟು, ಕೆಳಗಿನ ಲೇ ಶಾಫ್ಟು ಎಲ್ಲಾ ಭಾರದ ಸಾಮಾನು, ತಿರುಗ್ತಾ ಇದ್ದದ್ದು ತಕ್ಷಣ ನಿಲ್ಲಲ್ಲ, ಎಷ್ಟು ಜೋರಾಗಿ ತಿರುಗ್ತಿತ್ತು ಅನ್ನೋದರ ಮೇಲೆ ಇದೆ. ತಿರುಗೋ ವಸ್ತುವಿನ ಶಕ್ತಿ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ. 600ರಿಂದ 870 ಅಂದ್ರೆ ಸ್ಪೀಡ್ ಒಂದೂವರೆ ಪಟ್ಟು ಕೂಡ ಆಗ್ಲಿಲ್ಲ, ಶಕ್ತಿ ಮಾತ್ರ ಎರಡು ಪಟ್ಟು ದಾಟುತ್ತೆ. ಗಾಡಿ ನಿಲ್ಲದಿರ್ಲಿ ಅಂತ ಸ್ಕ್ರೂ ತಿರುಗಿಸಿದ ಆ ಒಂದು ಕೈ, ಗೇರ್ ಬಾಕ್ಸಿಗೆ ಪ್ರತೀ ಸಲ ಎರಡು ಪಟ್ಟು ಕೆಲಸ ಕೊಡ್ತು. ಅದರ ಮೇಲೆ ಕ್ಲಚ್ ಸ್ವಲ್ಪ ಅಂಟ್ಕೊಂಡೇ ಇದ್ರೆ ಆ ಶಾಫ್ಟ್ ನಿಲ್ಲೋದೇ ಇಲ್ಲ, ಎಳ್ಕೊಂಡು ತಿರುಗ್ತಾನೇ ಇರುತ್ತೆ.

ಎಷ್ಟು ಅಂಟ್ತಾ ಇದೆ ಅಂತ ನೋಡೋಕೆ ರಿವರ್ಸ್ ಒಳ್ಳೇದು, ಅದಕ್ಕೆ ಸಿಂಕ್ರೋ ಇಲ್ಲ, ಸುಳ್ಳು ಹೇಳಲ್ಲ. ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಮನಸ್ಸಲ್ಲೇ ಎಣಿಸ್ತಾ ಹೋಗಿ ಆಮೇಲೆ ರಿವರ್ಸ್ ಕಡೆ ಲಿವರ್ ತಗೊಂಡು ಹೋಗ್ಬೇಕು. ಕ್ಲಚ್ ಸರಿ ಇದ್ರೆ ಮೂರ್ನಾಲ್ಕು ಸೆಕೆಂಡಲ್ಲಿ ಶಾಫ್ಟ್ ನಿಂತು ಸದ್ದಿಲ್ಲದೆ ಬೀಳುತ್ತೆ. ಸ್ಲೋ ಇಳಿಸೋಕೆ ಮುಂಚೆ, ಶನಿವಾರ ಬೆಳಿಗ್ಗೆನೇ ನೋಡಿದ್ದೆ, ಹತ್ತು ಎಣಿಸಿದ್ರೂ ಜೋರಾಗಿ ಕರ್ ಅಂತಿತ್ತು. ಈಗ 610ರಲ್ಲಿ ಫಸ್ಟ್ ಸ್ವಲ್ಪ ಒತ್ತಿದ್ರೆ ಬೀಳುತ್ತೆ, ರಿವರ್ಸ್ ಹತ್ತು ಎಣಿಸಿದ್ಮೇಲೂ ಸಣ್ಣದಾಗಿ ಕೆರೆಯುತ್ತೆ. ಅರ್ಧ ಕಾಯಿಲೆ ಹೋಗಿದೆ, ಅರ್ಧ ಉಳಿದಿದೆ.

ಈಗ ಚಿಕ್ಕಪ್ಪಂಗೆ ಹೇಳ್ದೆ, ಪೆಡಲ್ ಮೂರು ಸಲ ಜಲ್ದಿ ಜಲ್ದಿ ತುಳಿದು ಒತ್ತಿ ಹಿಡ್ಕೊಳ್ಳಿ ಅಂತ. ಹಿಡಿದ್ರು. ನಾಲ್ಕು ಎಣಿಸಿ ರಿವರ್ಸ್ ಹಾಕಿದ್ರೆ ಸದ್ದೇ ಇಲ್ಲ. "ಅರೆ!" ಅಂದ್ರು. ತುಳಿದು ತುಳಿದು ಹಾಕಿದ್ರೆ ಸರಿ ಹೋಗುತ್ತೆ ಅಂದ್ರೆ ತೊಂದರೆ ಗೇರ್ ಬಾಕ್ಸ್ ಒಳಗಿಲ್ಲ, ಪ್ಲೇಟಲ್ಲೂ ಇಲ್ಲ, ನಂಗೆ ಒಳಗೊಳಗೇ ಭಯ ಇದ್ದ, ಮುಂದಿನ ಶಾಫ್ಟ್ ತುದಿ ಕೂರೋ ಪೈಲಟ್ ಬೇರಿಂಗಲ್ಲೂ ಇಲ್ಲ, ಕ್ಲಚ್ ಆಯಿಲ್ ಲೈನಲ್ಲಿದೆ. ಪೈಲಟ್ ಬೇರಿಂಗ್ ಹಿಡ್ಕೊಂಡಿದ್ರೆ ಎಷ್ಟು ತುಳಿದ್ರೂ ಶಾಫ್ಟ್ ಎಂಜಿನ್ ಜೊತೇನೇ ತಿರುಗ್ತಿತ್ತು, ಆಗ ನಿಜವಾಗ್ಲೂ ಗೇರ್ ಬಾಕ್ಸ್ ಇಳಿಸ್ಬೇಕಿತ್ತು.

ಕೆಳಗೆ ಮಲಗಿ, ಆಯಿಲ್ ಒತ್ತಡಕ್ಕೆ ಕ್ಲಚ್ ತಳ್ಳೋ ಸ್ಲೇವ್ ಸಿಲಿಂಡರ್ ಪುಶ್ ರಾಡ್ ಎಷ್ಟು ಮುಂದೆ ಬರುತ್ತೆ ಅಂತ ಸ್ಕೇಲ್ ಇಟ್ಟು ಅಳೆದೆ, ಒಂದೇ ಸಲ ಒತ್ತಿದ್ರೆ 14 ಮಿಲಿಮೀಟರ್, ಮೂರು ಸಲ ತುಳಿದು ಒತ್ತಿದ್ರೆ 19. ಒತ್ತಿ ಹಿಡ್ಕೊಂಡೇ ಇದ್ರೆ ಒಂದು ನಿಮಿಷದಲ್ಲಿ ಮೆಲ್ಲಗೆ ಹಿಂದಕ್ಕೆ ಸರೀತಿತ್ತು. ಹೊರಗೆಲ್ಲೂ ಒಂದು ಹನಿ ಸೋರಿಲ್ಲ, ಕ್ಲಚ್ ಆಯಿಲ್ ಡಬ್ಬಿ ತುಂಬಾ ಇದೆ, ಅಂದ್ರೆ ಪೆಡಲ್ ಕಡೆಯಿಂದ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರ್ ಒಳಗೇ ರಬ್ಬರ್ ಕಪ್ ದಾಟಿ ಆಯಿಲ್ ವಾಪಸ್ ಹೋಗ್ತಾ ಇದೆ. ಬಿಚ್ಚಿದ್ರೆ ಕಪ್ ಉಬ್ಬಿ ಅಂಚು ಸವೆದಿತ್ತು, ಒಳಗಿದ್ದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ. ಯಾವಾಗ್ಲೋ ಯಾರೋ ಬ್ರೇಕ್ ಆಯಿಲ್ ಬದಲು ಬೇರೆ ಆಯಿಲ್ ಸುರಿದಿರೋ ಹಂಗಿದೆ, ಎಂಜಿನ್ ಆಯಿಲ್ ಒಂದು ಮುಚ್ಚಳ ಬಿದ್ರೂ ಆ ರಬ್ಬರ್ ಉಬ್ಬಿಹೋಗುತ್ತೆ. ಸಿಲಿಂಡರ್ ಒಳಗೆ ಗೀರು ಇರ್ಲಿಲ್ಲ, ಅದಕ್ಕೆ ಹೊಸ ರಬ್ಬರ್ ಕಿಟ್ ಮಾತ್ರ ಸಾಕಾಯ್ತು, ಸ್ಲೇವ್‌ಗೂ ಜೊತೇಲೇ ಕಿಟ್ ಹಾಕ್ದೆ. ಪೈಪ್ ಪೂರ್ತಿ ತೊಳೆದು ಹೊಸ ಡಾಟ್ 3 ಬ್ರೇಕ್ ಆಯಿಲ್ ತುಂಬಿ, ತಂಗಿ ಪೆಡಲ್ ಮೇಲೆ ಕೂತು ಒತ್ತು ಬಿಡು ಒತ್ತು ಬಿಡು ಅಂತ ಅರ್ಧ ಗಂಟೆ ಏರ್ ತೆಗೆದ್ವಿ. ಪೆಡಲ್ ಮೇಲೆ ಸ್ವಲ್ಪ ಫ್ರೀ ಪ್ಲೇ, ಅಂದ್ರೆ ಸಡಿಲ, ಬಿಟ್ಟೆ, ಅದನ್ನ ಪೂರ್ತಿ ತೆಗೆದ್ರೆ ಕ್ಲಚ್ ಒತ್ತೋ ರಿಲೀಸ್ ಬೇರಿಂಗ್ ಯಾವಾಗ್ಲೂ ಒತ್ಕೊಂಡೇ ಇದ್ದು ಸುಟ್ಟುಹೋಗುತ್ತೆ.

ಆಮೇಲೆ ಅಳೆದ್ರೆ ಮೊದಲ ಒತ್ತಿಗೇ 20 ಮಿಲಿಮೀಟರ್, ಒಂದು ನಿಮಿಷ ಹಿಡಿದ್ರೂ ಸರೀಲಿಲ್ಲ. ರಿವರ್ಸ್ ಮೂರು ಎಣಿಸೋಷ್ಟರಲ್ಲಿ ಸದ್ದಿಲ್ಲದೆ ಬಿತ್ತು.

ಗೇರ್ ಆಯಿಲನ್ನೂ ಲೆವೆಲ್ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡ್ದೆ, ಮಟ್ಟ ಸರಿ ಇತ್ತು, ಬೆರಳಲ್ಲಿ ಉಜ್ಜಿದ್ರೆ ಹಿತ್ತಾಳೆ ಪುಡಿಯ ಹೊಳಪು ಸ್ವಲ್ಪ ಇದೆ. ಇಷ್ಟು ವರ್ಷದ ಗಾಡಿಗೆ ಅದು ಇರುತ್ತೆ. ಆದ್ರೆ ಒಂದು ತಿಂಗಳು ಹಿಂಗೇ ಬಲವಂತವಾಗಿ ಗೇರ್ ಹಾಕಿದ್ರಲ್ಲಿ ಒಂದಿಷ್ಟು ಸವೆದಿರ್ಲೇಬೇಕು, ಇನ್ನೂ ಆರು ತಿಂಗಳು ಓಡ್ಸಿದ್ದಿದ್ರೆ ಆ ಗ್ಯಾರೇಜ್‌ನೋರು ಹೇಳಿದ್ದೇ ನಿಜ ಆಗೋಗ್ತಿತ್ತು, ನಲವತ್ತು ಸಾವಿರ ಕೊಡ್ಲೇಬೇಕಿತ್ತು. ಅಷ್ಟು ಕೊಟ್ಟು ಹೊಸ ರಿಂಗ್ ಹಾಕಿದ್ರೂ 870ರ ಸ್ಲೋ, ಉಬ್ಬಿದ ರಬ್ಬರ್ ಕಪ್ ಹಂಗೇ ಇದ್ದು ಹೊಸ ರಿಂಗನ್ನೂ ತಿನ್ನುತ್ತಿತ್ತು. ನಾವು ಖರ್ಚು ಮಾಡಿದ್ದು ಹೋಸ್, ವಾಷರ್, ಎರಡು ಕಿಟ್, ಬ್ರೇಕ್ ಆಯಿಲ್, ಒಂದು ನಾಝಲ್ ಎಲ್ಲಾ ಸೇರಿ ನಾಲ್ಕು ಸಾವಿರ ದಾಟ್ಲಿಲ್ಲ.

ಸೋಮವಾರ ಬೆಳಿಗ್ಗೆ ಟ್ಯಾಂಕ್ ಕಾಲು ಭಾಗ ಮಾತ್ರ ಇಟ್ಕೊಂಡು ಬೇಕಂತಲೇ ಸ್ಟಾರ್ಟ್ ಮಾಡ್ಸಿದೆ. ಒಂದೇ ಸೆಲ್ಫ್, ಬಿಳಿ ಹೊಗೆ ಒಂದು ಉಸಿರು ಬಂದು ಹೋಯ್ತು, ಆಮೇಲೆ ಒಂದೊಂದು ಏಟೂ ಬಿಡಿಬಿಡಿಯಾಗಿ. ಚಿಕ್ಕಮ್ಮ ಬಾಗಿಲಿಗೆ ಬಂದು "ಇದೇನು ಗಾಡಿ ಸದ್ದೇ ಇಲ್ಲ" ಅಂದ್ರು. ಮಧ್ಯಾಹ್ನ ಕಾಯಿ ಲೋಡ್ ಹಾಕ್ಕೊಂಡು ಹೊರಟ್ರು, ರಾತ್ರಿ ಮಾರನಹಳ್ಳಿ ಜಾಮಿಂದಾನೇ ಫೋನ್ ಬಂತು, ಈ ಸಲ ಹಿಂದೆ ಎಂಜಿನ್ ಸದ್ದು ಕಿವಿಗೊಟ್ಟು ಕೇಳ್ಬೇಕಾಗಿತ್ತು. "ಬೆಣ್ಣೇಲಿ ಕೂದಲು ತೆಗೆದಂಗೆ ಬೀಳ್ತದೆ ಕಣ್ಲಾ ಫಸ್ಟು" ಅಂದ್ರು. ಘಾಟ್ ಇಳೀವಾಗ ಕ್ಲಚ್ ಮೇಲೆ ಕಾಲಿಡ್ಬೇಡಿ ಅಂತ ಹೇಳ್ದೆ, ಆಯ್ತು ಬಿಡಪ್ಪ ಅಂದ್ರು.

ಹೊರಡೋಕೆ ಮುಂಚೆ ಒಂದು ಕೆಲಸ ಮಾಡಿದ್ದೆ. ಸ್ಲೋ ಸ್ಕ್ರೂ, ಅದರ ಲಾಕ್ ನಟ್ ಎರಡರ ಮೇಲೂ ಅಡ್ಡಡ್ಡ ಹಳದಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದು, ಗಾಡಿ ನೋಟ್‌ಬುಕ್ಕಲ್ಲಿ ತಾರೀಖು ಹಾಕಿ 610 ಅಂತ ಬರೆದಿದೀನಿ. ಯಾರಾದ್ರೂ ಮುಟ್ಟಿದ್ರೆ ಗೆರೆ ತಪ್ಪುತ್ತೆ. ಪ್ರತೀ ಟ್ರಿಪ್ ಮುಗಿದ್ಮೇಲೆ ಬಾನೆಟ್ ಎತ್ತಿ ಆ ಗೆರೆ ಫೋಟೋ ತೆಗೆದು ವಾಟ್ಸಾಪ್ ಮಾಡಿ ಅಂತ ಚಿಕ್ಕಪ್ಪಂಗೆ ಹೇಳಿದೀನಿ, ಇಲ್ಲಿವರೆಗೆ ನಾಲ್ಕು ಫೋಟೋ ಬಂದಿವೆ, ಗೆರೆ ನೇರ ಇದೆ.